ಒಂದು ರಾತ್ರಿ, ಎರಡು ಊಟ

ಜಪಾನಿನ ಹಳೇ ಮಾದರಿಯ ವಸತಿಮನೆಗಳು, ಅಂದರೆ ರಿಯೋಕಾನ್‌ಗಳು, ತಮ್ಮ ದರವನ್ನು ‘ಇಪ್ಪಾಕು ನಿಶೊಕು’ ಎಂಬ ಲೆಕ್ಕದಲ್ಲಿ ಹೇಳುತ್ತವೆ. ಒಂದು ರಾತ್ರಿ, ಎರಡು ಊಟ. ಅದೂ ಕೋಣೆಗಿಷ್ಟು ಅಂತಲ್ಲ, ತಲೆಗಿಷ್ಟು. ಬುಕ್ಕಿಂಗ್ ಪುಟದಲ್ಲಿ 22,000 ಯೆನ್ ಕಂಡರೆ ಗಂಡ ಹೆಂಡತಿಗೆ 44,000 ಆಯಿತು ಅಂತಲೇ ತಿಳಿಯಬೇಕು. ‘ಈ ದುಡ್ಡಿಗೆ ಟೋಕಿಯೊದಲ್ಲಿ ಒಳ್ಳೇ ಹೋಟೆಲೇ ಸಿಗುತ್ತಲ್ಲ’ ಎಂದು ಗೊಣಗುವುದು ಸಹಜ. ಆದರೆ ಹೋಟೆಲಿನಲ್ಲಿ ನಾವು ದುಡ್ಡು ಕೊಡುವುದು ಹಾಸಿಗೆಗೆ. ಇಲ್ಲಿ ಕೊಡುವುದು ಮಧ್ಯಾಹ್ನ 3ರಿಂದ ಮರುದಿನ ಬೆಳಿಗ್ಗೆ 10ರವರೆಗಿನ 19 ಗಂಟೆಗಳಿಗೆ. ಆ ಗಂಟೆಗಳಲ್ಲಿ ಯಾವುದರ ನಂತರ ಯಾವುದು ಎಂದು ಮನೆಯವರು ಮೊದಲೇ ಜೋಡಿಸಿಟ್ಟಿರುತ್ತಾರೆ: ಚಹಾ, ಸ್ನಾನ, ಊಟ, ಹಾಸಿಗೆ, ಮತ್ತೆ ಸ್ನಾನ, ತಿಂಡಿ. ಈ ಸರಣಿಯಲ್ಲಿ ಒಂದು ಕೊಂಡಿ ಕಳಚಿದರೂ ಕೊಟ್ಟ ದುಡ್ಡು ಸೋರಿಹೋಗುತ್ತದೆ.

ಲೆಕ್ಕ ಹಳೆಯದು. ಎದೋ ಕಾಲದಲ್ಲಿ (1603–1868) ಇಂದಿನ ಟೋಕಿಯೊ ಮತ್ತು ಕ್ಯೋಟೊ ನಡುವಿನ ತೊಕಾಯ್ದೊ ಹೆದ್ದಾರಿಯಲ್ಲಿ 53 ತಂಗುದಾಣಗಳಿದ್ದವು. ದೊರೆಗಳು ಇಳಿಯಲು ‘ಹೊನ್‌ಜಿನ್’, ಸಾಮಾನ್ಯರಿಗೆ ಊಟ ಹಾಕಿ ಮಲಗಿಸುವ ‘ಹತಾಗೊ’, ಅದಕ್ಕೂ ಕಾಸಿಲ್ಲದವರಿಗೆ ‘ಕಿಚಿನ್ ಯಾದೊ’. ಕಿಚಿನ್ ಅಂದರೆ ಕಟ್ಟಿಗೆ ಕಾಸು. ಅಕ್ಕಿ ನಿಮ್ಮದೇ, ಬೇಯಿಸುವ ಸೌದೆಗೆ ಮಾತ್ರ ದುಡ್ಡು. ಇಂದಿನ ರಿಯೋಕಾನ್ ಹತಾಗೊವಿನ ವಂಶದ್ದು. ಕೆಲವು ಮನೆಗಳು ಎದೋಗಿಂತಲೂ ಬಹಳ ಹಿಂದಿನವು. ಯಾಮಾನಾಶಿ ಪ್ರಾಂತ್ಯದ ಕೇಯುನ್‌ಕಾನ್ ಕ್ರಿ.ಶ. 705ರಲ್ಲಿ ಶುರುವಾದದ್ದೆಂದು ಹೇಳಲಾಗುತ್ತದೆ. ಜಗತ್ತಿನ ಅತಿ ಹಳೆಯ ಹೋಟೆಲ್ ಎಂದು ಗಿನ್ನೆಸ್ ದಾಖಲೆಯಲ್ಲಿದೆ. ಬಾದಾಮಿಯಲ್ಲಿ ಚಾಲುಕ್ಯ ವಿಜಯಾದಿತ್ಯ ಆಳುತ್ತಿದ್ದ ಕಾಲ ಅದು.

ಸರಣಿ ತಪ್ಪುವುದು ಸಾಮಾನ್ಯವಾಗಿ ಮೊದಲ ಹೆಜ್ಜೆಯಲ್ಲೇ, ತಡವಾಗಿ ಹೋಗುವುದರಿಂದ. ನಮ್ಮವರು ಹಗಲೆಲ್ಲ ಊರು ಸುತ್ತಿ, ‘ರೂಮಿಗೆ ರಾತ್ರಿ ಹೋದರಾಯಿತು’ ಎಂದುಕೊಳ್ಳುವವರು. ರಿಯೋಕಾನ್‌ನಲ್ಲಿ ರಾತ್ರಿಯೂಟ 6ಕ್ಕೆ ಅಥವಾ ಆರೂವರೆಗೆ. ತೀರಾ ತಡವೆಂದರೆ 7, ಏಳೂವರೆ. ಅಡುಗೆಮನೆ ಒಂದೊಂದು ಕೋಣೆಗೂ ಒಂದೊಂದು ಬಗೆಯನ್ನು ಗಡಿಯಾರ ನೋಡಿ ಬಡಿಸುತ್ತದೆ. ಎಂಟಕ್ಕೆ ಬಂದವರಿಗೆ ಬಿಸಿ ಮಾಡಿ ಕೊಡಲು ಅಲ್ಲೇನೂ ಉಳಿದಿರುವುದಿಲ್ಲ, ಊಟದ ದುಡ್ಡು ವಾಪಸ್ಸೂ ಬರುವುದಿಲ್ಲ. ರೈಲು ತಪ್ಪಿದರೆ ಕೂಡಲೇ ಫೋನ್ ಮಾಡಿ. ತಡವಾಗುವುದು ಮೊದಲೇ ಗೊತ್ತಿದ್ದರೆ ಊಟವಿಲ್ಲದ ‘ಸುದೊಮಾರಿ’ ದರವನ್ನೋ ಬರೀ ತಿಂಡಿಯ ದರವನ್ನೋ ಆರಿಸಿ. ಒಂದು ದಿನಕ್ಕೆ ಎರಡು ಊರು ನೋಡುವ ಆತುರವಿದ್ದರೆ ಆ ರಾತ್ರಿಗೆ ರಿಯೋಕಾನ್ ಬೇಡವೇ ಬೇಡ.

ಬುಕ್ಕಿಂಗ್ ಬಗ್ಗೆ ಇನ್ನು ಕೆಲವು ಮಾತು. ಒಂಟಿಯಾಗಿ ಹೋಗುವವರನ್ನು ಅನೇಕ ಮನೆಗಳು ತೆಗೆದುಕೊಳ್ಳುವುದಿಲ್ಲ, ತೆಗೆದುಕೊಂಡರೂ ದರ ಹೆಚ್ಚು. ಒಂದೇ ಕೋಣೆಯಲ್ಲಿ ಜನ ಹೆಚ್ಚಿದಷ್ಟೂ ತಲೆಯ ದರ ಇಳಿಯುತ್ತದೆ. ಶನಿವಾರ ಮತ್ತು ರಜೆಯ ಹಿಂದಿನ ರಾತ್ರಿ ತುಟ್ಟಿ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗಿನ ರಜೆ, ಆಗಸ್ಟ್ ನಡುವಿನ ಒಬೊನ್ ಎಂಬ ಹಿರಿಯರ ಹಬ್ಬ, ಹೊಸ ವರ್ಷ: ಈ ಮೂರು ಹೊತ್ತು ತಿಂಗಳುಗಟ್ಟಲೆ ಮುಂಚೆಯೇ ತುಂಬಿಹೋಗುತ್ತವೆ. ವಯಸ್ಸಾದ ಅಪ್ಪ ಅಮ್ಮನನ್ನು ಕರೆದೊಯ್ಯುವವರು ಮೂರು ಸಂಗತಿ ಕೇಳಿಕೊಳ್ಳಲೇಬೇಕು. ಲಿಫ್ಟ್ ಇದೆಯೇ, ಕೋಣೆಯೊಳಗೇ ಶೌಚಾಲಯವಿದೆಯೇ, ಮಂಚವಿರುವ ‘ವಾಯೋಶಿತ್ಸು’ ಕೋಣೆ ಸಿಗುತ್ತದೆಯೇ. ಹಳೆಯ ಮರದ ಕಟ್ಟಡ ಫೋಟೊದಲ್ಲಿ ಎಷ್ಟು ಚೆಂದವೋ ಅದರ ಮೆಟ್ಟಿಲು ಮಂಡಿಗೆ ಅಷ್ಟೇ ಕ್ರೂರ.

ದೊಡ್ಡ ಸೂಟ್‌ಕೇಸನ್ನು ಜೊತೆಗೆ ಎಳೆದೊಯ್ಯಬೇಡಿ. ‘ತಕ್ಕ್ಯೂಬಿನ್’ ಎಂಬ ಪಾರ್ಸೆಲ್ ಸೇವೆಯವರಿಗೆ ಕೊಟ್ಟರೆ ಸಾಮಾನ್ಯವಾಗಿ ಮರುದಿನ ನಿಮ್ಮ ಮುಂದಿನ ಹೋಟೆಲಿನಲ್ಲಿರುತ್ತದೆ. ಒಂದು ರಾತ್ರಿಗೆ ಬೆನ್ನಿನ ಚೀಲ ಧಾರಾಳ ಸಾಕು. ರಾತ್ರಿಯುಡುಪು, ಟವೆಲ್, ಸೋಪು, ಹಲ್ಲುಜ್ಜುವ ಬ್ರಷ್ ಎಲ್ಲ ಅಲ್ಲೇ ಇರುತ್ತವೆ. ಪಾಸ್‌ಪೋರ್ಟ್ ಮಾತ್ರ ಕೈಯಲ್ಲಿರಲಿ, ಜಪಾನಿನಲ್ಲಿ ವಿಳಾಸವಿಲ್ಲದ ವಿದೇಶಿಯರಿಂದ ಅದರ ಪ್ರತಿ ಪಡೆಯುತ್ತಾರೆ. ಸ್ವಲ್ಪ ನಗದೂ ಇರಲಿ. ಬೆಟ್ಟದ ಸಣ್ಣ ಮನೆಗಳಲ್ಲಿ ಕಾರ್ಡ್ ನಡೆಯದೆ ಇರಬಹುದು. ನಿಲ್ದಾಣಕ್ಕೆ ವ್ಯಾನ್ ಕಳಿಸುವ ಮನೆಯಾದರೆ ಯಾವ ರೈಲಿಗೆ ಬರುತ್ತೀರೆಂದು ಮೊದಲೇ ತಿಳಿಸಬೇಕು, ಹೇಳದವರಿಗೆ ವ್ಯಾನ್ ಬರುವುದಿಲ್ಲ.

ಬಾಗಿಲು ದಾಟಿದ ಕೂಡಲೇ ಇರುವ ತಗ್ಗು ಜಾಗ ‘ಗೆಂಕಾನ್’. ಚಪ್ಪಲಿಯನ್ನು ಹೊರಗೇ ಬಿಡುವ ನಾಡಿನವರಿಗೆ ಇದರಲ್ಲಿ ಹೊಸತೇನಿದೆ ಅನ್ನಿಸಬಹುದು. ಹೊಸತು ಗಡಿಯ ನಿಖರತೆ. ತಗ್ಗಿನ ನೆಲ ಹೊರಗಿನ ಲೋಕ, ಒಂದು ಗೇಣು ಎತ್ತರದ ಮರದ ನೆಲ ಒಳಗಿನದು. ಶೂ ಬಿಚ್ಚಿದ ಕಾಲು ತಗ್ಗಿನ ನೆಲಕ್ಕೆ ತಾಗದೆ ನೇರವಾಗಿ ಮೇಲೇರಬೇಕು. ಲೇಸ್ ಬಿಚ್ಚುತ್ತಾ ಒಂಟಿ ಕಾಲಲ್ಲಿ ಕುಪ್ಪಳಿಸುವವರು ಕಾಲುಚೀಲದಲ್ಲೇ ತಗ್ಗಿಗಿಳಿದು, ಅದೇ ಕಾಲನ್ನು ಮೇಲಿಡುತ್ತಾರೆ. ಲೇಸಿಲ್ಲದ ಶೂ, ತೂತಿಲ್ಲದ ಕಾಲುಚೀಲ, ಈ ಎರಡಿದ್ದರೆ ಅರ್ಧ ಮರ್ಯಾದೆ ಉಳಿದಂತೆ. ಶೂಗಳನ್ನು ಸಿಬ್ಬಂದಿಯೇ ಎತ್ತಿ, ಮೂತಿ ಬಾಗಿಲಿನ ಕಡೆಗೆ ತಿರುಗಿಸಿ ಇಡುತ್ತಾರೆ.

ಅಲ್ಲಿಂದ ಮುಂದೆ ಚಪ್ಪಲಿ ಪುರಾಣ ಮೂರು ಕಾಂಡ. ಮೊಗಸಾಲೆಯಲ್ಲಿ ಮನೆಯವರು ಕೊಟ್ಟ ಸ್ಲಿಪ್ಪರ್. ಕೋಣೆಯ ತತಾಮಿ ಚಾಪೆಯ ಅಂಚಿನಲ್ಲಿ ಅದನ್ನೂ ಬಿಡಬೇಕು. ತತಾಮಿಯ ಮೇಲೆ ಬರಿಗಾಲು ಇಲ್ಲವೇ ಕಾಲುಚೀಲ. ಶೌಚಾಲಯದೊಳಗೆ ಅದಕ್ಕೇ ಮೀಸಲಾದ ಇನ್ನೊಂದು ಜೊತೆ ಇರುತ್ತದೆ. ಹೊರಬರುವಾಗ ಅದನ್ನು ಅಲ್ಲೇ ಬಿಡಲು ಮರೆತು, ಪಟಪಟ ಸದ್ದು ಮಾಡುತ್ತಾ ಕೋಣೆಯ ತನಕ ನಡೆದುಬಿಡುವುದು ವಿದೇಶಿಯರ ಅತ್ಯಂತ ಪ್ರಸಿದ್ಧ ತಪ್ಪು. ಮಡಿ ಮೈಲಿಗೆಯ ಮನೆಯಲ್ಲಿ ಬೆಳೆದವರಿಗೆ ಅದು ಎಂಥ ತಪ್ಪು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಕೋಣೆಯ ಅಳತೆಯನ್ನು ಚಾಪೆಗಳ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ತತಾಮಿ ಸುಮಾರು 90 ಸೆಂಟಿಮೀಟರ್ ಅಗಲ, 180 ಉದ್ದ. ಕ್ಯೋಟೊ ಕಡೆಯದು ಸ್ವಲ್ಪ ದೊಡ್ಡದು, ಟೋಕಿಯೊದ್ದು ಚಿಕ್ಕದು. 8 ಚಾಪೆಯ ಕೋಣೆ ಎಂದರೆ ಹತ್ತಿರ ಹತ್ತಿರ 13 ಚದರ ಮೀಟರ್, ಇಬ್ಬರಿಗೆ ಸಲೀಸು. ಮೂವರಿಗೆ 10 ಚಾಪೆ ಕೇಳಿ. ಮೇಲ್ಮೈಯನ್ನು ‘ಇಗುಸಾ’ ಎಂಬ ಜೊಂಡಿನಿಂದ ನೇಯುತ್ತಾರೆ, ಜಪಾನಿನಲ್ಲಿ ಬೆಳೆಯುವ ಜೊಂಡಿನ ಬಹುಪಾಲು ಕುಮಾಮೊಟೊ ಪ್ರಾಂತ್ಯದ್ದು. ಹೊಸ ಚಾಪೆ ಹಸಿರು, ಒಣಹುಲ್ಲಿನ ಮೆದೆಯ ವಾಸನೆ. ವರ್ಷ ಕಳೆದಂತೆ ಜೇನುಬಣ್ಣಕ್ಕೆ ತಿರುಗುತ್ತದೆ. ಸೂಟ್‌ಕೇಸಿನ ಚಕ್ರ ಉರುಳಿಸಿದರೆ ಎಳೆ ಕಿತ್ತುಬರುತ್ತದೆ, ಒದ್ದೆ ಟವೆಲ್ ಬಿಟ್ಟರೆ ಕಲೆ ಉಳಿಯುತ್ತದೆ. ಗೋಡೆಯ ಒಂದು ಕಡೆ ತುಸು ಎತ್ತರದ ಗೂಡಿನಂಥ ಜಾಗದಲ್ಲಿ ಒಂದು ಚಿತ್ರಪಟ, ಒಂದು ಹೂವು ಇರುತ್ತದೆ. ಅದು ತೊಕೊನೊಮಾ. ಬ್ಯಾಗ್ ಇಡಲು, ಫೋನ್ ಚಾರ್ಜಿಗೆ ಹಾಕಲು ಹೇಳಿ ಮಾಡಿಸಿದ ಹಾಗೆ ಕಾಣುತ್ತದೆ. ಇಡಬಾರದು, ಕೂರಲೂಬಾರದು. ದೇವರ ಮುಂದಿನ ಮಣೆಯ ಮೇಲೆ ಹೆಲ್ಮೆಟ್ ಇಟ್ಟ ಹಾಗಾಗುತ್ತದೆ.

ತಗ್ಗಿನ ಮೇಜಿನ ಮೇಲೆ ಚಹಾದ ಸಲಕರಣೆ, ಪಕ್ಕದಲ್ಲಿ ಕೈಯಗಲದ ಪೊಟ್ಟಣದಲ್ಲಿ ಆ ಊರಿನ ಸಿಹಿ. ಅದನ್ನು ಜೇಬಿಗೆ ಹಾಕಿಕೊಂಡು ಮರೆಯುವವರೇ ಹೆಚ್ಚು. ಸ್ನಾನಕ್ಕೆ ಮೊದಲು ತಿನ್ನಲೆಂದೇ ಇಟ್ಟದ್ದು ಅದು. ಪ್ರಯಾಣ ಮಾಡಿ ಹಸಿದ ಹೊಟ್ಟೆಯಲ್ಲಿ 42 ಡಿಗ್ರಿ ನೀರಿಗೆ ಇಳಿದರೆ ತಲೆ ಸುತ್ತುತ್ತದೆ. ಕೋಣೆಯ ಆರೈಕೆ ಮಾಡುವ ಹೆಂಗಸನ್ನು ‘ನಕಾಯಿ’ ಎನ್ನುತ್ತಾರೆ, ಮನೆಯೊಡತಿ ‘ಒಕಾಮಿ’. ನಕಾಯಿ ಬಾಗಿಲ ಹೊರಗೆ ‘ಶಿತ್ಸುರೇಯ್ ಶಿಮಾಸು’ (ಕ್ಷಮಿಸಿ, ಬರುತ್ತೇನೆ) ಎಂದು ಹೇಳಿದ ಎರಡನೇ ಕ್ಷಣಕ್ಕೆ ಒಳಗಿರುತ್ತಾರೆ. ಬಟ್ಟೆ ಬದಲಿಸುವಾಗ ಇದು ನೆನಪಿರಲಿ.

ಬಟ್ಟೆಯೆಂದರೆ ಯುಕಾತಾ, ಹತ್ತಿಯ ನಿಲುವಂಗಿ. ಮೇಲಿನ ಕೋಟಿನ ಸಮೇತ ಎತ್ತರಕ್ಕೆ ತಕ್ಕ ಅಳತೆಯಲ್ಲಿ ಕೊಡುತ್ತಾರೆ. ಬಲಗಡೆಯ ಅಂಚನ್ನು ಮೊದಲು ಮೈಗೆ ಸುತ್ತಿ, ಎಡಗಡೆಯದನ್ನು ಅದರ ಮೇಲೆ ತರಬೇಕು. ಎದುರಿನಿಂದ ನೋಡುವವರಿಗೆ ಕತ್ತಿನ ಬಳಿ ಅದು ಇಂಗ್ಲಿಷಿನ ಸಣ್ಣ ‘ವೈ’ (y) ಅಕ್ಷರದಂತೆ ಕಾಣಬೇಕು. ತಿರುಗಾಮುರುಗಾ ಸುತ್ತುವುದು ಹೆಣಕ್ಕೆ ಮಾತ್ರ. ಗಂಡಸರು ಪಟ್ಟಿಯನ್ನು ಹೊಟ್ಟೆಯ ಕೆಳಗೆ ಸೊಂಟದ ಮೂಳೆಯ ಮೇಲೆ ಬಿಗಿಯಬೇಕು, ಹೆಂಗಸರು ನಡುವಿಗೆ. ಪಂಚೆ ಉಡುವವರಿಗೆ ಬಿಗಿತದ ಅಂದಾಜು ತಾನಾಗಿ ಬರುತ್ತದೆ. ಇದೇ ಉಡುಪಿನಲ್ಲಿ ಊಟಕ್ಕೂ ಹೋಗಬಹುದು, ಮಲಗಲೂಬಹುದು.

ಇನ್ನು ಸ್ನಾನ. ಬಿಸಿನೀರಿನ ಬುಗ್ಗೆ ಇರುವ ಕಡೆ ಅದನ್ನು ‘ಒನ್ಸೆನ್’ ಎನ್ನುತ್ತಾರೆ. 1948ರ ಒನ್ಸೆನ್ ಕಾಯಿದೆಯ ಪ್ರಕಾರ ನೆಲದಿಂದ ಬರುವ ನೀರು ಕನಿಷ್ಠ 25 ಡಿಗ್ರಿ ಬೆಚ್ಚಗಿರಬೇಕು, ಇಲ್ಲವೇ ಪಟ್ಟಿಯಲ್ಲಿರುವ 19 ಪದಾರ್ಥಗಳಲ್ಲಿ ಒಂದಾದರೂ ಗೊತ್ತುಪಡಿಸಿದ ಪ್ರಮಾಣದಲ್ಲಿರಬೇಕು. ಅಂದರೆ ತಣ್ಣೀರನ್ನು ಕಾಯಿಸಿದ್ದೂ ಒನ್ಸೆನ್ ಆಗಬಹುದು. 2004ರಲ್ಲಿ ನಾಗಾನೊ ಪ್ರಾಂತ್ಯದ ಹಾಲುಬಣ್ಣದ ನೀರಿಗೆ ಹೆಸರಾದ ಒಂದು ಊರಿನಲ್ಲಿ ಬಣ್ಣಕ್ಕಾಗಿ ಪುಡಿ ಬೆರೆಸುತ್ತಿದ್ದದ್ದು ಬಯಲಾಗಿ ದೊಡ್ಡ ಗದ್ದಲವಾಯಿತು. ಆಮೇಲೆ, ನೀರು ಬೆರೆಸಿದ್ದರೆ, ಕಾಯಿಸಿದ್ದರೆ, ಮರುಬಳಕೆ ಮಾಡುತ್ತಿದ್ದರೆ, ಪುಡಿಯನ್ನೋ ಕ್ಲೋರಿನ್ನನ್ನೋ ಹಾಕಿದ್ದರೆ ಬರೆದು ತೂಗುಹಾಕುವುದು ಕಡ್ಡಾಯವಾಯಿತು. ಬುಗ್ಗೆಯ ನೀರು ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಚೆಲ್ಲಿಹೋಗುವ ಕೊಳಕ್ಕೆ ‘ಗೆನ್ಸೆನ್ ಕಾಕೆನಾಗಾಶಿ’ ಎಂಬ ಹೆಸರು. ಆ ಹೆಸರು ಬರೆದಿದ್ದರೆ ಕೋಣೆ ತುಸು ಹಳತಾದರೂ ಬುಕ್ ಮಾಡಬಹುದು.

ಬಾಗಿಲಿನ ಪರದೆ ಸಾಮಾನ್ಯವಾಗಿ ಗಂಡಸರಿಗೆ ನೀಲಿ, ಹೆಂಗಸರಿಗೆ ಕೆಂಪು. ಬರೀ ಬಣ್ಣ ನಂಬಬೇಡಿ, ಅಕ್ಷರ ನೋಡಿ. ಗಂಡಸಿನ ಅಕ್ಷರದ ತಲೆಯಲ್ಲಿ ನಾಲ್ಕು ಮನೆಯ ಚೌಕವಿರುತ್ತದೆ, ಗದ್ದೆಯ ಬದುಗಳ ಹಾಗೆ. ಹೆಂಗಸಿನದಕ್ಕೆ ಚೌಕವಿಲ್ಲ. ಇನ್ನೊಂದು ಎಚ್ಚರ: ಎರಡೂ ಕೊಳಗಳ ಸೊಬಗು ಎಲ್ಲರಿಗೂ ಸಿಗಲೆಂದು ಅನೇಕ ಮನೆಗಳು ರಾತ್ರಿ ಪರದೆ ಅದಲುಬದಲು ಮಾಡುತ್ತವೆ. ನಿನ್ನೆ ಸಂಜೆ ಎಡಕ್ಕೆ ಹೋದವರು ಇಂದು ಬೆಳಿಗ್ಗೆ ನಿದ್ದೆಗಣ್ಣಲ್ಲಿ ಎಡಕ್ಕೇ ಹೋದರೆ ಕಿರುಚಾಟ.

ಬಟ್ಟೆ ಪೂರ್ತಿ ಬಿಚ್ಚಬೇಕು, ಈಜುಡುಗೆಗೆ ಅವಕಾಶವಿಲ್ಲ. ಒಳಗೆ ಒಯ್ಯುವುದು ಕೈವಸ್ತ್ರದಷ್ಟು ಅಗಲದ ಉದ್ದನೆಯ ಟವೆಲ್ ಒಂದನ್ನೇ. ಗೋಡೆಯುದ್ದಕ್ಕೂ ನಲ್ಲಿ, ಅದರ ಮುಂದೆ ಪುಟ್ಟ ಮಣೆ, ಒಂದು ಬೋಗುಣಿ. ಮಣೆಯ ಮೇಲೆ ಕೂತು ಸೋಪು ಹಚ್ಚಿ, ಮೈ ಉಜ್ಜಿ, ನೊರೆ ಒಂದಿಷ್ಟೂ ಉಳಿಯದಂತೆ ತೊಳೆದುಕೊಳ್ಳಬೇಕು. ನಿಂತು ಶವರ್ ಮಾಡಿದರೆ ಪಕ್ಕದವರಿಗೆ ಎರಚುತ್ತದೆ. ಬಚ್ಚಲಲ್ಲಿ ಮಣೆ ಹಾಕಿಕೊಂಡು ಚೊಂಬಿನಲ್ಲಿ ನೀರು ಹುಯ್ದುಕೊಂಡು ಬೆಳೆದವರಿಗೆ ಇದು ಟಬ್ಬಿನ ನಾಡಿನವರಿಗಿಂತ ಬೇಗ ಒಗ್ಗುತ್ತದೆ. ಕೊಳವಿರುವುದು ಕೊಳೆ ಕಳೆಯಲಿಕ್ಕಲ್ಲ. ಹತ್ತು ಜನ ಹಂಚಿಕೊಳ್ಳುವ ಬಿಸಿ ಅದು. ಆದ್ದರಿಂದ ಟವೆಲನ್ನು ನೀರಿಗೆ ಅದ್ದಬಾರದು, ಮಡಚಿ ತಲೆಯ ಮೇಲಿಟ್ಟುಕೊಳ್ಳಬೇಕು. ಉದ್ದ ಕೂದಲನ್ನು ಮೇಲೆ ಕಟ್ಟಬೇಕು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವವರು ಶಾಂಪೂ ಹಾಕದೆ ಇಳಿಯುವ ಮಾತೇ ಇಲ್ಲ, ನೀರಿನ ಮೇಲೆ ಎಣ್ಣೆಯ ಪದರ ತೇಲುವುದು ಎಲ್ಲರಿಗೂ ಕಾಣುತ್ತದೆ.

ಇಳಿಯುವ ಮುನ್ನ ಕೊಳದ ನೀರನ್ನೇ ಬೋಗುಣಿಯಲ್ಲಿ ಮೊಗೆದು ಪಾದದಿಂದ ಶುರುಮಾಡಿ ಮೊಣಕಾಲು, ಸೊಂಟ, ಭುಜಕ್ಕೆ ಹುಯ್ದುಕೊಳ್ಳಬೇಕು. ಮೈಗೆ ಬಿಸಿಯ ಪರಿಚಯ ಮಾಡಿಸುವ ಕ್ರಮ ಇದು. ನೇರ ಇಳಿದರೆ ರಕ್ತದೊತ್ತಡ ಏರಿ ಇಳಿಯುತ್ತದೆ. ನೀರು ಸಾಮಾನ್ಯವಾಗಿ 40ರಿಂದ 43 ಡಿಗ್ರಿ. ಮೊದಲ ಸಲ ಐದು ನಿಮಿಷ ಸಾಕು. ಎದ್ದು ಕಲ್ಲಿನ ಮೇಲೆ ಕೂತು ಆರಿ, ಮತ್ತೆ ಇಳಿಯಿರಿ. ಅರ್ಧ ಗಂಟೆ ಒಂದೇ ಸಮನೆ ಕೂತು, ಏಳುವಾಗ ಕಣ್ಣು ಕತ್ತಲಿಟ್ಟು ಬೀಳುವುದು ಜಂಭದ ಫಲ. ಕುಡಿದು ಇಳಿಯಬೇಡಿ, ಊಟವಾದ ಕೂಡಲೇ ಬೇಡ. ಹೊರಡುವಾಗ ಹಿಂಡಿದ ಟವೆಲಿನಿಂದ ಮೈ ಒರೆಸಿಕೊಂಡೇ ಬಟ್ಟೆ ಕೋಣೆಗೆ ಹೋಗಬೇಕು, ಅಲ್ಲಿಯ ನೆಲ ಒದ್ದೆಯಾಗಬಾರದು.

ನಮ್ಮ ಹೆಂಗಸರಿಗೆ ಒಂದು ವಿಶೇಷ ಎಚ್ಚರಿಕೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಗಂಧಕದ ನೀರು, ಬೆಳ್ಳಿಯನ್ನು ನಿಮಿಷಗಳಲ್ಲಿ ಕಪ್ಪು ಮಾಡುತ್ತದೆ. ಕಾಲುಂಗುರ, ಗೆಜ್ಜೆಗಳನ್ನು ಕೋಣೆಯಲ್ಲೇ ತೆಗೆದಿಡಿ. ಬಿಗಿಯಾದ ಕಾಲುಂಗುರವಿದ್ದರೆ ಮನೆಯಿಂದ ಹೊರಡುವ ಮುನ್ನವೇ ಸಡಿಲಿಸಿಕೊಳ್ಳಿ. ಬಿಚ್ಚಲು ಸಂಕೋಚವೇ ಬಹಳವಾದರೆ ‘ಕಾಶಿಕಿರಿ ಬುರೊ’ ಕೇಳಿ, ಕುಟುಂಬಕ್ಕೆಂದೇ 45–50 ನಿಮಿಷ ಬೀಗ ಹಾಕಿಕೊಳ್ಳುವ ಸಣ್ಣ ಕೊಳ. ಹಚ್ಚೆಯಿರುವವರನ್ನು ಎಲ್ಲರ ಕೊಳಕ್ಕೆ ಬಿಡದ ಮನೆಗಳಿವೆ, ಅವರಿಗೂ ಅದೇ ದಾರಿ. ಒಳಬಂದ ಕೂಡಲೇ ಹೊತ್ತು ಗೊತ್ತುಮಾಡಿಕೊಳ್ಳಬೇಕು, ಸಂಜೆಯ ಹೊತ್ತುಗಳು ಮೊದಲು ಹೋಗುತ್ತವೆ. ಕೋಣೆಗೆ ಒಂದೇ ಕೀಲಿ ಕೊಡುವ ಮನೆಗಳೂ ಇವೆ. ಗಂಡ ಬೇಗ ಮುಗಿಸಿ ಬಂದು ಯುಕಾತಾದಲ್ಲಿ ಮೊಗಸಾಲೆಯಲ್ಲಿ ಚಳಿಗೆ ನಡುಗುವ ದೃಶ್ಯ ಅಪರೂಪವೇನಲ್ಲ. ಕೀಲಿ ಯಾರ ಕೈಯಲ್ಲಿ ಅಂತ ಮೊದಲೇ ಮಾತಾಡಿಕೊಳ್ಳಿ.

ಸ್ನಾನವೇ ಮುಖ್ಯವೆನ್ನುವವರಿಗೆ ಹ್ಯೋಗೊ ಪ್ರಾಂತ್ಯದ ಕಿನೊಸಾಕಿ ಎಂಬ ಊರನ್ನು ಹೇಳಬಹುದು. ಕ್ಯೋಟೊದಿಂದ ಎಕ್ಸ್‌ಪ್ರೆಸ್ ರೈಲಿನಲ್ಲಿ ಎರಡೂವರೆ ಗಂಟೆ. ಅಲ್ಲಿ ಏಳು ಸಾರ್ವಜನಿಕ ಸ್ನಾನಗೃಹಗಳಿವೆ, ಊರಿನ ರಿಯೋಕಾನ್‌ಗಳಲ್ಲಿ ತಂಗಿದವರಿಗೆ ಏಳಕ್ಕೂ ಪುಕ್ಕಟೆ ಪ್ರವೇಶ. ರೈಲು ನಿಲ್ದಾಣ ಹೆಬ್ಬಾಗಿಲು, ಬೀದಿ ಮೊಗಸಾಲೆ, ರಿಯೋಕಾನ್ ಕೋಣೆ, ಹೊರಗಿನ ಸ್ನಾನಗೃಹವೇ ಬಚ್ಚಲು, ಊರಿಗೆ ಊರೇ ಒಂದು ಮನೆ ಎಂಬುದು ಅಲ್ಲಿಯವರ ನುಡಿ. ನುಡಿಯ ಹಿಂದೆ ಜಗಳವೂ ಇದೆ. ಮನೆಯೊಳಗೇ ಬಿಸಿನೀರಿನ ಕೊಳ ಮಾಡಿಕೊಳ್ಳುವ ಹಕ್ಕಿಗಾಗಿ 1920ರ ದಶಕದ ಕೊನೆಯಲ್ಲಿ ಶುರುವಾದ ವ್ಯಾಜ್ಯ ರಾಜಿಯಾದದ್ದು 1950ರಲ್ಲಿ. ಅಲ್ಲಿನ ರಿಯೋಕಾನ್‌ಗಳ ಒಳಕೊಳಗಳು ಇಂದಿಗೂ ಸಣ್ಣವಾಗಿರುವುದು ಆ ರಾಜಿಯಿಂದಾಗಿಯೇ. ಸಂಜೆಯಾದರೆ ಯುಕಾತಾ ಉಟ್ಟ ಜನ ಮರದ ಮೆಟ್ಟು ಕಟಕಟ ಸದ್ದು ಮಾಡುತ್ತಾ ಹೊಳೆಯಂಚಿನ ವಿಲೋ ಮರಗಳ ಕೆಳಗೆ ಒಂದು ಸ್ನಾನದಿಂದ ಇನ್ನೊಂದಕ್ಕೆ ನಡೆಯುತ್ತಾರೆ. ಒಂದು ಸ್ನಾನಗೃಹದ ಹೆಸರು ‘ಮಂದಾರಾ ಯು’. ನಮ್ಮ ಮಂದಾರವಲ್ಲ, ಮಂಡಲ. ಬೌದ್ಧಧರ್ಮದ ಜೊತೆ ಹೋದ ಸಂಸ್ಕೃತ ಪದ. ಸ್ನಾನಗೃಹಗಳಿಗೆ ವಾರದ ರಜೆ ಬೇರೆ ಬೇರೆ ದಿನ, ಆದ್ದರಿಂದ ಒಂದೇ ದಿನಕ್ಕೆ ಏಳೂ ಸಿಗುವುದು ಕಷ್ಟ. ಹಚ್ಚೆಗೆ ಅಲ್ಲಿ ಅಡ್ಡಿಯಿಲ್ಲ.

ಕನ್ನಡಿಗರ ಮನೆಗಳಲ್ಲಿ ಜಪಾನ್ ಪ್ರವಾಸದ ಮಾತು ಬಂದಾಗ ನಿಜವಾಗಿ ತಲೆಬಿಸಿ ಮಾಡುವುದು ಊಟ. ರಿಯೋಕಾನ್‌ನ ‘ಕೈಸೆಕಿ’ ಊಟ ಎಂಟು ಹತ್ತು ಬಗೆಯದು, ಒಂದೂವರೆ ಎರಡು ಗಂಟೆಯ ಕೆಲಸ. ಮೊದಲು ಒಂದು ತುತ್ತಿನ ತಿನಿಸು, ಆಮೇಲೆ ತಿಳಿಸಾರು, ಹಸಿ ಮೀನು, ಸುಟ್ಟದ್ದು, ಬೇಯಿಸಿದ್ದು, ಕರಿದದ್ದು, ಹುಳಿ ಬೆರೆಸಿದ್ದು. ಪುಟ್ಟ ಒಲೆಯ ಮೇಲೆ ಒಂದು ಪಾತ್ರೆ, ಕೆಳಗೆ ಮೇಣದ ಬಿಲ್ಲೆಯಂಥ ಇಂಧನ. ಬೆಂಕಿ ಹಚ್ಚಿದ ಮೇಲೆ ಅದು ತಾನಾಗಿ ಆರುವ ತನಕ ಮುಚ್ಚಳ ತೆಗೆಯಬೇಡಿ. ಒಳಗಿನದು ಬೇಯಲು ಎಷ್ಟು ಬೇಕೋ ಅಷ್ಟೇ ಇಂಧನ ಇಟ್ಟಿರುತ್ತಾರೆ. ಅನ್ನ, ಮಿಸೊ (ಹುದುಗಿಸಿದ ಸೋಯಾ ಮುದ್ದೆ) ಸಾರು, ಉಪ್ಪಿನಕಾಯಿ ಬರುವುದು ಕಟ್ಟಕಡೆಗೆ. ಅನ್ನ ಬಂತೆಂದರೆ ಇನ್ನೇನೂ ಬರುವುದಿಲ್ಲ, ನಮ್ಮ ಪಂಕ್ತಿಯಲ್ಲಿ ಮಜ್ಜಿಗೆ ಬಂದ ಹಾಗೆ. ಅದಾದ ಮೇಲೆ ಹಣ್ಣೊಂದೇ.

ಸಸ್ಯಾಹಾರಿಯ ತೊಡಕು ಹಸಿ ಮೀನಲ್ಲ, ಅದು ಕಣ್ಣಿಗೆ ಕಾಣುತ್ತದೆ, ಪಕ್ಕಕ್ಕಿಡಬಹುದು. ತೊಡಕು ‘ದಾಶಿ’. ಕೊಂಬು ಎಂಬ ಕಡಲಕಳೆಯನ್ನು ನೀರಿನಲ್ಲಿ ಕಾಯಿಸಿ, ಒಣಗಿಸಿ ಹೊಗೆಯಾಡಿಸಿದ ಕತ್ಸುಒ ಮೀನಿನ ಹೆರೆಯನ್ನು ಅದರಲ್ಲಿ ಒಂದೆರಡು ನಿಮಿಷ ಅದ್ದಿ ಸೋಸಿದ ರಸ. ಚಿನ್ನದ ಬಣ್ಣ, ತಿಳಿನೀರಿನ ಹಾಗೆ. ಮಿಸೊ ಸಾರಿನಲ್ಲಿ ಅದೇ. ಬೇಯಿಸಿದ ಕುಂಬಳ, ಬದನೆ, ಮೂಲಂಗಿಯೊಳಗೆ ಅದೇ. ಪಾಲಕ್ ಸೊಪ್ಪಿನ ಮೇಲೆ ಹುಯ್ದದ್ದು, ತರಕಾರಿ ತೆಂಪುರಾ (ಬಜ್ಜಿಯಂಥ ಕರಿದ ತಿನಿಸು) ಅದ್ದುವ ಬಟ್ಟಲಿನದ್ದು, ತಣ್ಣನೆ ಸೋಬಾ (ಬಕ್‌ವೀಟ್) ಶಾವಿಗೆಯ ಜೊತೆಗಿನದ್ದು, ಹುರಿದ ತೋಫುವಿನ ಕೆಳಗಿನದ್ದು, ಎಲ್ಲ ಅದೇ. ಕೇಳಿದರೆ ಬಡಿಸುವವರು ‘ಇದರಲ್ಲಿ ಮೀನಿಲ್ಲ’ ಎನ್ನುತ್ತಾರೆ, ಸುಳ್ಳು ಹೇಳುವ ಉದ್ದೇಶ ಖಂಡಿತ ಇರುವುದಿಲ್ಲ. ಅವರ ಪಾಲಿಗೆ ಮೀನೆಂದರೆ ತಟ್ಟೆಯಲ್ಲಿರುವ ಮೀನು. ನಮ್ಮಲ್ಲಿ ಒಗ್ಗರಣೆಯ ಇಂಗನ್ನು ಯಾರೂ ಪದಾರ್ಥವೆಂದು ಎಣಿಸದ ಹಾಗೆ.

ಹೋದ ಮೇಲೆ ಹೇಳಿದರೆ ಏಕೆ ಆಗುವುದಿಲ್ಲ ಎಂದರೆ, ದಾಶಿ ಮೊದಲೇ ದೊಡ್ಡ ಪಾತ್ರೆಯಲ್ಲಿ ತಯಾರಾಗಿ ಬಹುತೇಕ ಬಗೆಗಳಿಗೆ ಸೇರಿಹೋಗಿರುತ್ತದೆ. ಅದನ್ನು ತೆಗೆದರೆ ಆ ದಿನದ ಊಟದಲ್ಲಿ ಉಳಿಯುವುದು ಅನ್ನ, ಹಣ್ಣು. ಆದ್ದರಿಂದ ಬುಕ್ ಮಾಡುವಾಗಲೇ, ತಡವೆಂದರೆ ವಾರದ ಮುಂಚೆ, ಬರೆದು ಕೇಳಬೇಕು. ‘ಸಸ್ಯಾಹಾರಿ’ ಎಂಬ ಒಂದೇ ಪದ ಏನೂ ಕೆಲಸ ಮಾಡುವುದಿಲ್ಲ. ಮಾಂಸ, ಮೀನು, ಚಿಪ್ಪುಜೀವಿ, ಸೀಗಡಿ, ಏಡಿ, ಕತ್ಸುಒ ದಾಶಿ ಯಾವುದೂ ಬೇಡ. ಕೊಂಬು ಮತ್ತು ಒಣ ಶಿಟಾಕೆ ಅಣಬೆಯ ದಾಶಿ ಆಗಬಹುದು. ಮೊಟ್ಟೆ, ಹಾಲು ಹೌದೋ ಅಲ್ಲವೋ: ಹೀಗೆ ಬಿಡಿಬಿಡಿಯಾಗಿ ಜಪಾನಿ ಭಾಷೆಯಲ್ಲೇ ಬರೆಯಿರಿ. ಅನೇಕ ಮನೆಗಳು ‘ಕ್ಷಮಿಸಿ, ಆಗುವುದಿಲ್ಲ’ ಎಂದು ಉತ್ತರಿಸುತ್ತವೆ. ಆ ಉತ್ತರವನ್ನು ಒರಟುತನ ಎಂದುಕೊಳ್ಳಬಾರದು. ಅರ್ಧಂಬರ್ಧ ಒಪ್ಪಿ ದಾಶಿ ಕುಡಿಸುವುದಕ್ಕಿಂತ ಅದು ಮೇಲು. ಆಗುತ್ತದೆ ಎಂದವರು ನಿಜವಾಗಿಯೂ ಮಾಡುತ್ತಾರೆ. ಹಟ ಹಿಡಿದು ಎಂಟಿಆರ್ ಪೊಟ್ಟಣ ಒಯ್ದು ಕೋಣೆಯ ಕೆಟಲಿನಲ್ಲಿ ಕಾಯಿಸುವುದು ಮಾತ್ರ ಬೇಡ. ಆ ಕೆಟಲ್ ಚಹಾದ್ದು, ಸಾಂಬಾರಿನ ವಾಸನೆ ಮುಂದಿನ ಅತಿಥಿಗೂ ಸಿಗುತ್ತದೆ. ತತಾಮಿಯೂ ಹೀರಿಕೊಳ್ಳುತ್ತದೆ.

ಕಟ್ಟುನಿಟ್ಟಿನ ಸಸ್ಯಾಹಾರಿಗಳು ರಿಯೋಕಾನ್ ಬಿಟ್ಟು ‘ಶುಕುಬೊ’ ನೋಡುವುದು ಜಾಣತನ. ಶುಕುಬೊ ಅಂದರೆ ಯಾತ್ರಿಕರನ್ನು ಇಳಿಸಿಕೊಳ್ಳುವ ಬೌದ್ಧ ದೇವಾಲಯ. ಒಸಾಕಾದ ದಕ್ಷಿಣಕ್ಕೆ ಸುಮಾರು 800 ಮೀಟರ್ ಎತ್ತರದಲ್ಲಿರುವ ಕೋಯಾಸಾನ್ ಇದಕ್ಕೆ ಹೆಸರುವಾಸಿ. ಕೂಕಾಯ್ ಎಂಬ ಸನ್ಯಾಸಿಗೆ 816ರಲ್ಲಿ ದೊರೆಯಿಂದ ದತ್ತಿಯಾಗಿ ಬಂದ ಬೆಟ್ಟ. ಇಂದು ಅಲ್ಲಿರುವ 117 ದೇವಾಲಯಗಳಲ್ಲಿ ಸುಮಾರು 50 ಅತಿಥಿಗಳನ್ನು ತೆಗೆದುಕೊಳ್ಳುತ್ತವೆ. ಊಟ ‘ಶೋಜಿನ್ ರಿಯೋರಿ’. ಮಾಂಸ ಮೀನು ಇಲ್ಲ, ದಾಶಿ ಕೂಡ ಕಡಲಕಳೆ ಅಣಬೆಗಳದ್ದು; ಸಂಪ್ರದಾಯದ ಪ್ರಕಾರ ಈರುಳ್ಳಿ ಬೆಳ್ಳುಳ್ಳಿಯೂ ನಿಷಿದ್ಧ. ಎಳ್ಳನ್ನು ನುಣ್ಣಗೆ ಅರೆದು ಕುಜು ಗೆಡ್ಡೆಯ ಹಿಟ್ಟು, ನೀರು ಸೇರಿಸಿ ಕೈಬಿಡದೆ ತೊಳಸಿ ಹೆಪ್ಪುಗಟ್ಟಿಸಿದ ‘ಗೊಮಾ ದೋಫು’ ಅಲ್ಲಿಯ ಹೆಮ್ಮೆ. ಹೆಸರಿನಲ್ಲಿ ತೋಫು ಇದ್ದರೂ ಸೋಯಾ ಒಂದು ಕಾಳೂ ಇಲ್ಲ. ನಮ್ಮ ಹಾಲುಬಾಯಿ ತಿಂದವರಿಗೆ ಆ ನಡುಗುವ ಮೃದುತ್ವ ಪರಿಚಿತವೇ, ಬೆಲ್ಲವೊಂದು ಇಲ್ಲ.

ಬೆಳಿಗ್ಗೆ 6ರ ಸುಮಾರಿಗೆ ಪ್ರಾರ್ಥನೆ. ಕೆಲವು ದೇವಾಲಯಗಳಲ್ಲಿ ಆಮೇಲೆ ಅಗ್ನಿಕುಂಡದ ಮುಂದೆ ‘ಗೊಮಾ’ ನಡೆಯುತ್ತದೆ. ಇದು ಎಳ್ಳಿನ ಗೊಮಾ ಅಲ್ಲ, ನಮ್ಮ ‘ಹೋಮ’ವೇ ಚೀನಾ ದಾಟಿ ಹೋಗಿ ಆದ ರೂಪ. ಸಮಿತ್ತು ಹಾಕುವುದು, ಎಣ್ಣೆ ಎರೆಯುವುದು, ಮಂತ್ರ, ಎಲ್ಲ ಗುರುತು ಸಿಗುತ್ತವೆ. ಮದ್ಯಕ್ಕೆ ಬೌದ್ಧ ಸನ್ಯಾಸಿಗಳ ಗುಟ್ಟಿನ ಹೆಸರು ‘ಹನ್ಯಾತೋ’, ಅಂದರೆ ಪ್ರಜ್ಞೆಯ ಬಿಸಿನೀರು. ಆ ಹನ್ಯಾ ನಮ್ಮ ಪ್ರಜ್ಞಾ. ಶುಕುಬೊಗಳಲ್ಲಿ ಬಿಯರ್ ಕೂಡ ಸಿಗುತ್ತದೆ, ಅದನ್ನು ಕಂಡು ಹುಬ್ಬೇರಿಸುವವರು ಹುಬ್ಬೇರಿಸಲಿ. ಚಳಿಗಾಲದಲ್ಲಿ ಹೋಗುವವರು ದಪ್ಪ ಕಾಲುಚೀಲ ಒಯ್ಯಿರಿ. ಕೋಣೆಯಲ್ಲಿ ಹೀಟರ್ ಇದ್ದರೂ ಮೊಗಸಾಲೆಯ ಹಲಗೆ ಐಸಿನ ಹಾಗಿರುತ್ತದೆ. ರಾತ್ರಿ ಹೊತ್ತಿಗೆ ಸರಿಯಾಗಿ ಹೆಬ್ಬಾಗಿಲು ಹಾಕುತ್ತಾರೆ, ಯಾವ ಹೊತ್ತಿಗೆಂದು ಕೇಳಿಟ್ಟುಕೊಳ್ಳಿ.

ರಿಯೋಕಾನ್‌ಗೆ ವಾಪಸ್ಸು ಬಂದರೆ, ನೀವು ಊಟದ ಕೋಣೆಯಲ್ಲಿರುವಾಗ ಇಲ್ಲಿ ಮೇಜು ಪಕ್ಕಕ್ಕೆ ಸರಿದು ಹಾಸಿಗೆ ಬಿದ್ದಿರುತ್ತದೆ. ಹಾಗಾಗಿ ಊಟಕ್ಕೆ ಹೋಗುವ ಮುನ್ನ ಚೀಲ, ಒಳಬಟ್ಟೆಗಳನ್ನು ನೆಲದ ಮೇಲೆ ಹರಡಿ ಹೋಗಬಾರದು. ಫುತೋನ್, ಅಂದರೆ ನೆಲದ ಹಾಸಿಗೆ, ತೆಳುವೆನಿಸಿದರೆ ಬೀರುವಿನಿಂದ ಇನ್ನೊಂದನ್ನು ತೆಗೆದು ಕೆಳಗೆ ಹಾಕಿಕೊಳ್ಳಬಹುದು. ದಿಂಬು ಕೆಲವೆಡೆ ಸೋಬಾ ಕಾಳಿನ ಹೊಟ್ಟು ತುಂಬಿದ್ದು, ತಲೆ ಹೊರಳಿಸಿದಾಗೆಲ್ಲ ಸರಸರ ಅನ್ನುತ್ತದೆ. ಆ ಕಾಳಿನ ಅಲರ್ಜಿ ಇರುವವರು ಮೊದಲೇ ಹೇಳಬೇಕು. ತಲೆ ಉತ್ತರಕ್ಕೆ ಬರದಂತೆ ಹಾಸುವ ಮನೆಗಳಿವೆ. ಬುದ್ಧ ಪರಿನಿರ್ವಾಣದಲ್ಲಿ ಉತ್ತರಕ್ಕೆ ತಲೆಯಿಟ್ಟು ಮಲಗಿದ್ದನೆಂದು ಅಲ್ಲಿ ಹೆಣವನ್ನು ಹಾಗೆ ಮಲಗಿಸುತ್ತಾರೆ. ಉತ್ತರಕ್ಕೆ ತಲೆ ಹಾಕಿದರೆ ಅಜ್ಜಿಯಿಂದ ಬೈಸಿಕೊಂಡವರಿಗೆ ಇಲ್ಲಿ ದಿಕ್ಸೂಚಿ ಹುಡುಕುವ ಕೆಲಸ ಉಳಿಯಿತು. ಕೋಣೆಗಳ ನಡುವೆ ಕಾಗದ ಮತ್ತು ಮರದ ‘ಫುಸುಮಾ’ ಮಾತ್ರ ಇರುವ ಹಳೇ ಮನೆಗಳಲ್ಲಿ ಪಕ್ಕದ ಕೋಣೆಯ ಗೊರಕೆ ನಿಮಗೆ, ನಿಮ್ಮ ವಾಟ್ಸ್‌ಆಪ್ ವಿಡಿಯೊ ಅವರಿಗೆ.

ಬೆಳಿಗ್ಗೆಯ ಸ್ನಾನವನ್ನು ತಪ್ಪಿಸಬೇಡಿ. ಜನ ಕಡಿಮೆ, ಪರದೆ ಬದಲಾಗಿದ್ದರೆ ಬೇರೆಯೇ ಕೊಳ. ತಿಂಡಿ ಏಳೂವರೆ ಎಂಟಕ್ಕೆ: ಅನ್ನ, ಮಿಸೊ ಸಾರು, ಸುಟ್ಟ ಮೀನು, ಹಪ್ಪಳದಂಥ ನೋರಿ ಕಡಲಕಳೆ, ಬಾಯಿ ಸೊಟ್ಟಗಾಗುವಷ್ಟು ಹುಳಿಯ ಉಮೆಬೋಶಿ ಎಂಬ ಉಪ್ಪು ಹಣ್ಣು. ಬಿಸಿನೀರಿನ ಬುಗ್ಗೆಯಲ್ಲಿ ಬೇಯಿಸಿದ ಮೊಟ್ಟೆಯೂ ಇರಬಹುದು, ಹಳದಿ ಗಟ್ಟಿ, ಬಿಳಿ ಮಾತ್ರ ಇನ್ನೂ ಅಲ್ಲಾಡುತ್ತಿರುತ್ತದೆ. ಹಳದಿ 65–70 ಡಿಗ್ರಿಗೇ ಗಟ್ಟಿಯಾಗುತ್ತದೆ, ಬಿಳಿ ಪೂರ್ತಿ ಗಟ್ಟಿಯಾಗಲು 80 ಬೇಕು. ನೀರು ಎರಡರ ನಡುವೆ ಇರುತ್ತದೆ.

ಟಿಪ್ಸ್ ಕೊಡುವ ವಾಡಿಕೆಯಿಲ್ಲ, ಸೇವಾಶುಲ್ಕ ದರದಲ್ಲೇ ಸೇರಿದೆ. ತೀರಾ ವಿಶೇಷ ತೊಂದರೆ ಕೊಟ್ಟಿದ್ದರೆ, ಅಂದರೆ ಊಟವನ್ನೆಲ್ಲ ನಿಮಗಾಗಿ ಬದಲಿಸಿದ್ದರೆ, ನಕಾಯಿಗೆ 1,000–3,000 ಯೆನ್ ಲಕೋಟೆಯಲ್ಲಿ ಹಾಕಿ ಕೊಡುವ ಹಳೇ ಪದ್ಧತಿಯೊಂದಿದೆ. ಬರಿ ನೋಟನ್ನು ಕೈಗೆ ತುರುಕುವುದು ಒಳ್ಳೆಯದಲ್ಲ. ಹತ್ತು ಗಂಟೆಗೆ ಹೊರಡಬೇಕೆಂದರೆ ಹತ್ತೇ. ಹಾಸಿಗೆಯನ್ನು ಮಡಚಿ ಬೀರುವಿಗೆ ತುಂಬುವ ಉಪಕಾರ ಬೇಡ, ಹೊದಿಕೆ ಸರಿಸಿ ಬಿಟ್ಟರೆ ಸಾಕು. ಒಗೆಯುವ ಹೊದಿಕೆ ಯಾವುದು ಎಂದು ಹುಡುಕಲು ಅವರು ಮತ್ತೆ ಎಲ್ಲ ಬಿಚ್ಚಬೇಕಾಗುತ್ತದೆ. ಕೌಂಟರಿನಲ್ಲಿ ಬಿಲ್ ನೋಡುವಾಗ ಬುಕ್ ಮಾಡಿದ ಮೊತ್ತಕ್ಕಿಂತ ತುಸು ಹೆಚ್ಚು ಕಾಣಬಹುದು: ಕುಡಿದ ಬಿಯರ್, ಊರಿನ ವಸತಿ ತೆರಿಗೆ, ಮತ್ತು ಒನ್ಸೆನ್ ಊರುಗಳಲ್ಲಿ ತಲೆಗೆ ಸಾಮಾನ್ಯವಾಗಿ 150 ಯೆನ್ ಸ್ನಾನದ ತೆರಿಗೆ. ಎಷ್ಟು ಸಲ ಮುಳುಗಿದಿರಿ ಎಂದು ಯಾರೂ ಕೇಳುವುದಿಲ್ಲ. ಒಂದು ಸಲವೂ ಮುಳುಗದವರೂ ಅಷ್ಟನ್ನೇ ಕೊಡಬೇಕು.